ಟಕ್ ಅನ್ನಿಸುವ ಮುಂಚೆ: ಕೈರೊಪ್ರಾಕ್ಟರ್ ಆರಿಸಿಕೊಳ್ಳುವುದು ಹೇಗೆ

ನನ್ನ ಬೆನ್ನಿಗೆ ಮೊದಲು ಚಿಕಿತ್ಸೆ ಕೊಟ್ಟವನು ಪಕ್ಕದ ಮನೆಯ ಎಂಟು ವರ್ಷದ ಹುಡುಗ. ಹುಟ್ಟುವಾಗ ಕಾಲು ಮುಂದಾಗಿ ಬಂದವನು. ಅಂಥವರು ಚಳಕು ಹಿಡಿದ ಜಾಗಕ್ಕೆ ಮೂರು ಸಲ ಒದ್ದರೆ ನೋವು ಬಿಡುತ್ತೆ ಅಂತ ನಮ್ಮ ಕಡೆ ಮಾತು. ಅವನಮ್ಮ ಕೈಹಿಡಿದು ಕರೆದುಕೊಂಡು ಬಂದಳು. ಹುಡುಗ ನಾಚಿಕೊಂಡು ಮೆತ್ತಗೆ ಮೂರು ಸಲ ಒದ್ದ. ಐದು ರೂಪಾಯಿಯ ಚಾಕಲೇಟ್ ಕೊಟ್ಟು ಕಳಿಸಿದೆ. ನೋವು ಹೋಗಲಿಲ್ಲ. ಆದರೆ ಆ ವರ್ಷ ನಾನು ಮಾಡಿಸಿಕೊಂಡದ್ದರಲ್ಲೆಲ್ಲ ಕಡಿಮೆ ಅಪಾಯದ್ದು ಅದೇ ಅಂತ ಈಗ ಅನ್ನಿಸುತ್ತೆ.

ಬಳ್ಳಾರಿಯ ಕೌಲ್ ಬಜಾರ್ ಕಡೆ ನಮ್ಮದೊಂದು ಸಣ್ಣ ಜೀನ್ಸ್ ಯೂನಿಟ್. ನಾಲ್ಕು ಮಷಿನ್. ನಾನು ಬೆಲ್ಟ್ (ಪ್ಯಾಂಟಿನ ಸೊಂಟದ ಪಟ್ಟಿ) ಹಾಕುತ್ತೇನೆ, ನಮ್ಮ ಮನೆಯವರು ಕಟಿಂಗ್ ನೋಡಿಕೊಳ್ಳುತ್ತಾರೆ. ಇಪ್ಪತ್ತು ವರ್ಷದಿಂದ ದಿನಕ್ಕೆ ಹತ್ತು ತಾಸು ಬೆನ್ನಿಲ್ಲದ ಸ್ಟೂಲ್ ಮೇಲೆ ಮುಂದಕ್ಕೆ ಬಾಗಿ ಕೂತದ್ದು. ಮಧ್ಯೆ ಬಂಡಲ್ ಎತ್ತುವುದು, ಇಳಿಸುವುದು. ಜೀನ್ಸ್ ಬಟ್ಟೆಯ ಬಂಡಲ್ ಎಷ್ಟು ಭಾರ ಅಂತ ಎತ್ತಿದವರಿಗೇ ಗೊತ್ತು. ಟೊಂಕ ಹಿಡಿದುಕೊಳ್ಳದೆ ಇನ್ನೇನಾಗುತ್ತೆ?

ಹುಡುಗನ ಒದೆ ಆದ ಮೇಲೆ ಪುತ್ತೂರು ಕಟ್ಟು. ಎಣ್ಣೆ ಹಚ್ಚಿ, ತಿಕ್ಕಿ, ಬಿಗಿಯಾಗಿ ಕಟ್ಟಿದರು. ಎರಡು ದಿನ ಹಾಯಾಗಿತ್ತು, ಮೂರನೇ ದಿನ ಮತ್ತೆ ಅದೇ ಕಥೆ. ಆಮೇಲೆ ಮಗ ಮೊಬೈಲ್‌ನಲ್ಲಿ ವಿಡಿಯೊ ತೋರಿಸಿದ. ಯಾರನ್ನೋ ಟೇಬಲ್ ಮೇಲೆ ಮಲಗಿಸಿ ಟಕ್ ಟಕ್ ಅನ್ನಿಸುತ್ತಾರೆ, ಅವರು ನಗುತ್ತಾ ಎದ್ದು ಹೋಗುತ್ತಾರೆ. ನೋಡಿದರೆ ನಮಗೂ ಮಾಡಿಸಿಕೊಳ್ಳಬೇಕು ಅನ್ನಿಸುವುದು ಸಹಜ, ಅಲ್ವಾ? ಅದೇ ತಿಂಗಳು ಒಂದು ಕಲ್ಯಾಣ ಮಂಟಪದಲ್ಲಿ ‘ಕೈರೊಪ್ರಾಕ್ಟಿಕ್ ಕ್ಯಾಂಪ್’ ಅಂತ ಬ್ಯಾನರ್ ಕಂಡಿತು. ಬೆನ್ನು, ಕೀಲುಗಳನ್ನು ಕೈಯಿಂದ ಒತ್ತಿ, ತಿರುವಿ ಮಾಡುವ ಈ ಚಿಕಿತ್ಸೆಗೇ ಆ ಹೆಸರು. ಹೋದೆ.

ಟೋಕನ್ ನಂಬರ್ 46. ಹೆಸರು, ವಯಸ್ಸು, ಫೋನ್ ನಂಬರ್, ಕೇಳಿದ್ದು ಇಷ್ಟೇ. ಎಲ್ಲಿ ನೋವು ಅಂತ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಲಗಿಸಿ ಸೊಂಟ ತಿರುವಿದರು. ಟಕ್ ಅಂತು. ಅದಾದರೂ ಸರಿ. ಆಮೇಲೆ ಹೇಳದೆ ಕೇಳದೆ ಕುತ್ತಿಗೆ ಹಿಡಿದು ಪಟ್ಟನೆ ತಿರುಗಿಸಿಬಿಟ್ಟರು. ನನಗೆ ಕುತ್ತಿಗೆ ನೋವೇ ಇರಲಿಲ್ಲ! ಆವತ್ತು ಸಂಜೆಯಿಂದ ತಲೆಸುತ್ತು. ಮಷಿನ್ ಮುಂದೆ ಕೂತರೆ ಸೂಜಿ ಎರಡಾಗಿ ಕಾಣುತ್ತಿತ್ತು. ಮರುದಿನ ಹೆದರಿಕೊಂಡು ವಿಮ್ಸ್ ಆಸ್ಪತ್ರೆಗೆ ಓಡಿದೆವು. (ಈಗ ಅದರ ಹೆಸರು ಬಿಎಂಸಿಆರ್‌ಸಿ. ಆಟೋದವರಿಗೆ ಮಾತ್ರ ಇನ್ನೂ ವಿಮ್ಸೇ.) ಸ್ಕ್ಯಾನ್ ಆಯಿತು. ಪುಣ್ಯಕ್ಕೆ ಏನೂ ಆಗಿರಲಿಲ್ಲ. ಡಾಕ್ಟರಮ್ಮ ಮಾತ್ರ ಚೆನ್ನಾಗಿ ಬೈದರು: “ಕುತ್ತಿಗೇನ ಅವರ ಕೈಗೆ ಯಾಕ್ ಕೊಟ್ರಿ ಅಮ್ಮಾ? ಏನು ಓದ್ಯಾರ ಅಂತ ಕೇಳಿದ್ರೇನು?”

ಕೇಳಿರಲಿಲ್ಲ. ಬಟ್ಟೆ ತಗೊಳ್ಳುವಾಗ ಥಾನ್ ಬಿಚ್ಚಿಸಿ, ಉಗುರಲ್ಲಿ ಕೆರೆದು, ಎರಡೂ ಕಡೆ ಎಳೆದು ನೋಡುವವಳು ನಾನು. ಬೆನ್ನಿನ ವಿಷಯಕ್ಕೆ ಬ್ಯಾನರ್ ನೋಡಿ ಹೋಗಿದ್ದೆ. ಆಮೇಲೆ ಆರು ತಿಂಗಳು ಮಗನನ್ನು ಪಕ್ಕ ಕೂರಿಸಿಕೊಂಡು ಓದಿ, ಫೋನ್ ಮಾಡಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ಕೈರೊಪ್ರಾಕ್ಟರನ್ನು ಹುಡುಕುವುದಲ್ಲ. ಮೂಳೆ ಡಾಕ್ಟರಿಗೆ ಒಂದು ಸಲ ತೋರಿಸುವುದು. ನಮ್ಮ ಮೂರೂ ಜಿಲ್ಲೆಗಳಲ್ಲಿ ಅದಕ್ಕೆ ತುಂಬ ದುಡ್ಡು ಬೇಕಿಲ್ಲ. ಬಳ್ಳಾರಿಗೆ ಬಿಎಂಸಿಆರ್‌ಸಿ, ರಾಯಚೂರಿಗೆ ರಿಮ್ಸ್, ಕೊಪ್ಪಳಕ್ಕೆ ಕಿಮ್ಸ್, ಎಲ್ಲವೂ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳೇ. ಸಾಲಿನಲ್ಲಿ ಅರ್ಧ ದಿನ ಹೋಗುತ್ತೆ, ಹೋಗಲಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ ನಮ್ಮ ಅವ್ವನ ಕಾರಣ. ಅವ್ವ ಕುಷ್ಟಗಿ ಕಡೆಯ ಹಳ್ಳಿಯವರು. ಹರೆಯದಿಂದ ಬೋರ್‌ವೆಲ್ ನೀರು ಕುಡಿದವರು. ಈಗ ಹಿಂದಿನಿಂದ ಯಾರಾದರೂ ಕರೆದರೆ ಅವರು ಕುತ್ತಿಗೆ ತಿರುಗಿಸುವುದಿಲ್ಲ, ಇಡೀ ಮೈಯನ್ನೇ ತಿರುಗಿಸುತ್ತಾರೆ, ಬಾಗಿಲು ತಿರುಗಿದ ಹಾಗೆ. ಕೆಳಗೆ ಕೂತರೆ ಏಳಲು ಇಬ್ಬರು ಬೇಕು. ಕ್ಯಾಂಪಿನ ವಿಷಯ ಗೊತ್ತಾದಾಗ ತಮ್ಮ ಫೋನ್ ಮಾಡಿ, “ಅಕ್ಕಾ, ಅವ್ವನ್ನೂ ಕರಕೊಂಡು ಬರ್ಲೇನು? ಬೆನ್ನು ನೆಟ್ಟಗ ಮಾಡ್ತಾರಂತಲ್ಲ?” ಅಂದಿದ್ದ. ಬಸ್ ತಪ್ಪಿತು, ಬರಲಿಲ್ಲ. ಆ ಬಸ್ಸಿಗೆ ನಾನು ಈಗಲೂ ಕೈ ಮುಗಿಯುತ್ತೇನೆ.

ಆಮೇಲೆ ಅವ್ವನ ಎಕ್ಸ್‌ರೇ ತೆಗೆಸಿದೆವು. ಬೆನ್ನೆಲುಬು ಬೆಳ್ಳಗೆ ಸುಣ್ಣ ಬಳಿದ ಹಾಗೆ ಕಾಣುತ್ತಿತ್ತು. ಎಲುಬು ಎಲುಬನ್ನು ಹಿಡಿದಿಡುವ ನಾರುಗಳೂ ಗಟ್ಟಿಯಾಗಿದ್ದವು. ಫ್ಲೋರೋಸಿಸ್ ಅಂದರು, ನೀರಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಬರುವ ಕಾಯಿಲೆ. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದ ಕಡೆ ಹೆಚ್ಚೆಂದರೆ 1.5. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಎಷ್ಟೋ ಹಳ್ಳಿಯ ಬೋರ್‌ವೆಲ್‌ಗಳಲ್ಲಿ ಅದಕ್ಕಿಂತ ಜಾಸ್ತಿ ಬಂದದ್ದಿದೆ. ಇಂಥ ಎಲುಬು ನೋಡಲು ಗಟ್ಟಿ, ಆದರೆ ಸೀಮೆಸುಣ್ಣದ ಹಾಗೆ ಪಟ್ಟನೆ ಮುರಿಯಬಹುದು ಅಂತ ಡಾಕ್ಟರ್ ಹೇಳಿದರು. ಕ್ಯಾಂಪಿನ ಟೇಬಲ್ ಮೇಲೆ ಅವ್ವನ್ನ ಮಲಗಿಸಿ ತಿರುವಿದ್ದರೆ? ವಿಡಿಯೊ ಮಾಡುವವರಿಗೆ ನಮ್ಮ ನೀರಿನ ಕಥೆ ಗೊತ್ತಿರುವುದಿಲ್ಲ. ನಾವೇ ಹೇಳಬೇಕು. ಹಳ್ಳಿಯಲ್ಲಿ ಬೆಳೆದವರು, ಹಲ್ಲಿನ ಮೇಲೆ ಕಂದು ಪಟ್ಟೆ ಇರುವವರು ಎಕ್ಸ್‌ರೇ ಇಲ್ಲದೆ ಯಾರ ಕೈಗೂ ಬೆನ್ನು ಕೊಡಬೇಡಿ.

ಇನ್ನೊಂದು ಬೆನ್ನೆಲುಬಿನ ಟಿಬಿ. ಟಿಬಿ ಅಂದರೆ ಬರೀ ಕೆಮ್ಮು ಅಂತ ತಿಳಿದವರೇ ಜಾಸ್ತಿ. ಅದು ಬೆನ್ನಿಗೂ ಬರುತ್ತೆ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಪರೀಕ್ಷೆ ಮತ್ತು ಔಷಧಿ ಎರಡೂ ಉಚಿತ. ಹಾಗೆಯೇ ಕಾಲಲ್ಲಿ ಬಲ ಕಡಿಮೆಯಾಗುತ್ತಾ ಬಂದರೆ, ಮೂತ್ರ ಮಲ ಹಿಡಿತ ತಪ್ಪಿದರೆ, ಕೂರುವ ಜಾಗ ಜೋಮು ಹಿಡಿದಂತಾದರೆ ಅವತ್ತೇ ಆಸ್ಪತ್ರೆ. ನಾಳೆ ಅನ್ನುವ ಹಾಗಿಲ್ಲ. ಕ್ಯಾನ್ಸರ್ ಆಗಿದ್ದವರು, ಬಿದ್ದು ಪೆಟ್ಟಾದವರು, ಮೂಳೆ ಸವೆದ ವಯಸ್ಸಾದವರು, ಬಹಳ ದಿನ ಸ್ಟೀರಾಯ್ಡ್ ತಗೊಂಡವರು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಇವರೆಲ್ಲ ಡಾಕ್ಟರನ್ನು ಕೇಳದೆ ಈ ದಾರಿಗೆ ಬರಬಾರದು.

ನನಗೆ ಬಂದ ಉತ್ತರ ಸಣ್ಣ ಡಿಸ್ಕ್ ಬಲ್ಜ್ (ಬೆನ್ನೆಲುಬುಗಳ ನಡುವಿನ ಮೆತ್ತೆ ಉಬ್ಬಿರುವುದು), ನರ ಒತ್ತಿಲ್ಲ, ವ್ಯಾಯಾಮ ಮಾಡಿ. ಕೈಯಿಂದ ಮಾಡುವ ಚಿಕಿತ್ಸೆ ಬೇಕಿದ್ದರೆ ಓದಿದವರ ಹತ್ತಿರ ಮಾಡಿಸಿಕೊಳ್ಳಿ ಅಂದರು. ಹಾಗಾದರೆ ಓದಿದವರು ಯಾರು?

ಈ ವಿದ್ಯೆ ಶುರುವಾದದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಊರಲ್ಲಿ. ಶುರು ಮಾಡಿದವರು ಡಿ. ಡಿ. ಪಾಮರ್. ಹೆಚ್ಚುಕಡಿಮೆ ಎಲ್ಲ ಕಾಯಿಲೆಗೂ ಬೆನ್ನೆಲುಬು ಜಾಗ ತಪ್ಪಿರುವುದೇ ಕಾರಣ ಅಂತ ಅವರು ನಂಬಿದ್ದರು. ಶುಗರ್, ಬಿಪಿ, ಆಸ್ತಮಾ, ಮಕ್ಕಳು ಹಾಸಿಗೆಯಲ್ಲಿ ಮೂತ್ರ ಮಾಡುವುದು ಎಲ್ಲಕ್ಕೂ ಪರಿಹಾರ ಅಂತ ಇವತ್ತಿಗೂ ಕೆಲವರು ಬೋರ್ಡ್ ಬರೆಸುವುದು ಆ ಹಳೇ ನಂಬಿಕೆಯಿಂದಲೇ. ಅಂಥ ಬೋರ್ಡ್ ಕಂಡರೆ ಒಳಗೆ ಹೋಗುವ ಅಗತ್ಯವೇ ಇಲ್ಲ. ಸೊಂಟ ನೋವಿಗೆ ಸ್ವಲ್ಪ ಮಟ್ಟಿಗೆ ಅನುಕೂಲ ಆಗುತ್ತೆ ಅನ್ನುವುದಕ್ಕೆ ಆಧಾರ ಇದೆ, ಅದೂ ವ್ಯಾಯಾಮದ ಜೊತೆ ಸೇರಿದರೆ. ಪವಾಡ ಏನಲ್ಲ. ಆ ಟಕ್ ಶಬ್ದವೂ ಎಲುಬು ಜಾಗಕ್ಕೆ ಕೂತ ಶಬ್ದ ಅಲ್ಲ. ಕೀಲಿನೊಳಗಿನ ನೀರಿನಂಥ ದ್ರವದಲ್ಲಿ ಗಾಳಿಗುಳ್ಳೆ ಆಗುವಾಗ ಬರುವ ಸದ್ದು, ಬೆರಳು ನೆಟಿಗೆ ಮುರಿದಂತೆ. ಶಬ್ದ ಜೋರಾಗಿ ಬಂತು ಅಂದಮಾತ್ರಕ್ಕೆ ಕೆಲಸ ಚೆನ್ನಾಗಾಯಿತು ಅಂತಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಪೂರ್ತಿ ತರಬೇತಿ ಅಂದರೆ ಕಡಿಮೆ ಅಂದರೂ 4,200 ಗಂಟೆ, ನಾಲ್ಕು ವರ್ಷದ ಓದು. ಅದರಲ್ಲಿ 1,000 ಗಂಟೆ ಹಿರಿಯರ ಎದುರು ರೋಗಿಗಳನ್ನು ನೋಡಿ ಕಲಿಯಬೇಕು. ವಾರದ ಕೋರ್ಸ್ ಮಾಡಿ ಫ್ರೇಮ್ ಹಾಕಿಸಿದ ಸರ್ಟಿಫಿಕೇಟ್ ಇದರ ಮುಂದೆ ಏನು ಅಂತ ನೀವೇ ಲೆಕ್ಕ ಹಾಕಿ.

ತೊಂದರೆ ಏನೆಂದರೆ, ಎಂಬಿಬಿಎಸ್ ಡಾಕ್ಟರಿಗೆ ಮೆಡಿಕಲ್ ಕೌನ್ಸಿಲ್ ಇದ್ದ ಹಾಗೆ ನಮ್ಮ ದೇಶದಲ್ಲಿ ಕೈರೊಪ್ರಾಕ್ಟರುಗಳಿಗೆ ಅಂತ ಕಾನೂನಿನ ಕೌನ್ಸಿಲ್ ಇಲ್ಲ. ಬೋರ್ಡ್ ಮೇಲೆ ಆ ಪದ ಬರೆಸಲು ಯಾರೂ ಪರೀಕ್ಷೆ ಪಾಸಾಗಬೇಕಿಲ್ಲ. ಹಾಗಾಗಿ ಪದವನ್ನು ಬಿಟ್ಟು ಅದರ ಹಿಂದಿನ ಓದನ್ನು ಹಿಡಿಯಬೇಕು. ಇಲ್ಲಿ ಸಿಗುವವರು ಸಾಮಾನ್ಯವಾಗಿ ಎರಡು ತರಹ.

ಒಂದು, ಹೊರದೇಶದಲ್ಲಿ ಕೈರೊಪ್ರಾಕ್ಟಿಕ್ ಡಿಗ್ರಿ ಓದಿ ಬಂದವರು. ಅಮೆರಿಕದ್ದಾದರೆ ಹೆಸರಿನ ಮುಂದೆ ಡಿ.ಸಿ. (ಡಾಕ್ಟರ್ ಆಫ್ ಕೈರೊಪ್ರಾಕ್ಟಿಕ್) ಅಂತ ಇರುತ್ತೆ. ಅಲ್ಲಿ ಪ್ರತಿ ರಾಜ್ಯವೂ ಲೈಸೆನ್ಸ್ ಕೊಡುತ್ತೆ, ಹೆಸರು ಹಾಕಿ ವೆಬ್‌ಸೈಟ್‌ನಲ್ಲಿ ಹುಡುಕಬಹುದು. ಬ್ರಿಟನ್ನಿನಲ್ಲಿ 1994ರ ಕಾನೂನಿನಿಂದ ಬಂದ ಜನರಲ್ ಕೈರೊಪ್ರಾಕ್ಟಿಕ್ ಕೌನ್ಸಿಲ್ ಇದೆ, ಅದರ ಪಟ್ಟಿಯೂ ಬಿಟ್ಟಿಯಾಗಿ ನೋಡಲು ಸಿಗುತ್ತೆ. ಆಸ್ಟ್ರೇಲಿಯಾದ ಪಟ್ಟಿಯೂ ಹಾಗೆಯೇ. ಮಗ ಹತ್ತು ನಿಮಿಷದಲ್ಲಿ ಹುಡುಕಿ ತೆಗೆದ. ಅವರು ಅಲ್ಲಿಂದ ಬಂದು ವರ್ಷಗಳಾಗಿ ಲೈಸೆನ್ಸ್ ಮುಗಿದಿದ್ದರೆ ಅದೇನೂ ದೊಡ್ಡ ತಪ್ಪಲ್ಲ. ಹೆಸರೇ ಸಿಗದಿದ್ದರೆ, ಅಥವಾ ಶಿಸ್ತುಕ್ರಮದ ಕಾರಣ ತೆಗೆದುಹಾಕಿದ್ದರೆ ಮಾತ್ರ ದೂರ ಇರಿ.

ಇನ್ನೊಂದು, ಫಿಸಿಯೋಥೆರಪಿ ಓದಿ ಆಮೇಲೆ ಕೈಚಿಕಿತ್ಸೆಯಲ್ಲಿ ತರಬೇತಿ ತಗೊಂಡವರು. ಬಿಪಿಟಿ ಅಂದರೆ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆಯಿಂದ ಐದು ವರ್ಷದ ಡಿಗ್ರಿ, ಎಂಪಿಟಿ ಅದರ ಮೇಲೆ ಎರಡು ವರ್ಷ. ಯಾವ ಕಾಲೇಜು, ಯಾವ ಯೂನಿವರ್ಸಿಟಿ ಅಂತ ಕೇಳಿ. ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಹೆಸರು ಬರುತ್ತೆ. ನನ್ನ ಅಭಿಪ್ರಾಯ ಕೇಳಿದರೆ, ಬಳ್ಳಾರಿ, ಸಿಂಧನೂರು, ಗಂಗಾವತಿಯಲ್ಲಿ ಕೂತು ಬೆನ್ನು ನೋವಿಗೆ ದಾರಿ ಹುಡುಕುವವರಿಗೆ ಒಳ್ಳೆಯ ಫಿಸಿಯೋಥೆರಪಿಸ್ಟ್ ಸಿಕ್ಕರೆ ಅಷ್ಟೇ ಸಾಕು. ಹೆಸರಿಗೆ ಮರುಳಾಗಿ ಮುನ್ನೂರು ಕಿಲೋಮೀಟರ್ ಹೋಗಬೇಕಿಲ್ಲ. ನಾನು ಹೋದೆ, ಅದು ಬೇರೆ ಮಾತು. ಹಟ.

ಯಾರೇ ಆಗಲಿ, ಜಾಗದ ಕಾಗದವನ್ನೂ ನೋಡಿ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್, ಫಿಸಿಯೋಥೆರಪಿ ಕೇಂದ್ರ ನಡೆಸಲು 2007ರ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಲ್ಲಿ ನೋಂದಣಿ ಬೇಕು. ಸರ್ಟಿಫಿಕೇಟನ್ನು ಬಂದವರಿಗೆ ಕಾಣುವ ಹಾಗೆ ಹಾಕಿರಬೇಕು. ಅನುಮಾನ ಇದ್ದರೆ ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯಲ್ಲಿ ವಿಚಾರಿಸಬಹುದು. ಅದು ಕ್ಲಿನಿಕ್‌ನ ಕಾಗದ, ಕೈಯ ಗುಣ ಅದರಿಂದ ತಿಳಿಯಲ್ಲ. ಆದರೆ ಅದೂ ಇಲ್ಲ ಅಂದರೆ ಚಪ್ಪಲಿ ಹಾಕಿಕೊಂಡು ವಾಪಸ್ ಬನ್ನಿ.

ಇನ್ನು ಫೋನ್. ನಾನು ಐದು ಕಡೆ ಮಾಡಿದೆ. ಎಲ್ಲಿ ಓದಿದ್ದು, ಎಷ್ಟು ವರ್ಷ, ಮೊದಲ ದಿನ ಎಷ್ಟು ಹೊತ್ತು ನೋಡುತ್ತೀರಿ, ಎಷ್ಟು ದುಡ್ಡು, ಇವೆಲ್ಲ ಕೇಳಿದೆ. ಒಬ್ಬರು ಓದಿನ ಪ್ರಶ್ನೆಗೆ “ಇಪ್ಪತ್ತು ಸಾವಿರ ಜನಕ್ಕೆ ಮಾಡೀವಿ ಮೇಡಂ” ಅಂದರು. ನಾನು ಕೇಳಿದ್ದು ಅದಲ್ಲವಲ್ಲ! ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಪ್ರಶ್ನೆ ಇದು: “ನೀವು ಯಾರಿಗೆ ಮಾಡಲ್ಲ?” ಮೂವರು “ಎಲ್ಲರಿಗೂ ಮಾಡ್ತೀವಿ, ಹಸುಗೂಸಿಗೂ ಮಾಡ್ತೀವಿ” ಅಂದರು. ಒಬ್ಬರು ಫೋನ್ ಇಟ್ಟರು. ಬೆಂಗಳೂರಿನ ಒಬ್ಬರು ಮಾತ್ರ ನಿಧಾನಕ್ಕೆ ಮೂಳೆ ಸವೆತ, ಟಿಬಿ, ಗಡ್ಡೆ, ನರ ಒತ್ತಿರುವುದು, ರಕ್ತ ತೆಳು ಮಾಡುವ ಮಾತ್ರೆ ಅಂತ ಹೇಳುತ್ತಾ ಹೋದರು. ಕೊನೆಗೆ, “ನಿಮ್ಮ ಎಂಆರ್‌ಐ ನೋಡದೆ ನಿಮಗೂ ಮಾಡ್ತೀನಿ ಅಂತ ಹೇಳಲ್ಲಮ್ಮ” ಅಂದರು. ಅವರ ಹತ್ತಿರವೇ ಹೋದೆ.

ಬರುವಾಗ ಒಂದು ಫೋಟೋ ತನ್ನಿ ಅಂದಿದ್ದರು, ನಾನು ಮಷಿನ್ ಮುಂದೆ ಕೂತದ್ದು, ಪಕ್ಕದಿಂದ ತೆಗೆದದ್ದು. ಮುಕ್ಕಾಲು ಗಂಟೆ ನನ್ನನ್ನು ಮುಟ್ಟಲೇ ಇಲ್ಲ. ಕೇಳಿದ್ದೇ ಕೇಳಿದ್ದು. ಯಾವ ಹೊತ್ತಿಗೆ ನೋವು, ಪೆಡಲ್ ತುಳಿಯುವ ಕಾಲು ಯಾವುದು, ಮಾತ್ರೆ ಏನು, ಮನೆಯಲ್ಲಿ ಯಾರಿಗಾದರೂ ಇದೆಯಾ. ಅವ್ವನ ಕಥೆ ಹೇಳಿದಾಗ ಪೆನ್ ಕೆಳಗಿಟ್ಟು ಕೇಳಿದರು. ಆಮೇಲೆ ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು, ಮಲಗಿಸಿ ಕಾಲು ಎತ್ತಿಸಿದರು, ಹಿಮ್ಮಡಿ ಮೇಲೆ ನಡೆಸಿದರು. ಏನು ಮಾಡುತ್ತೇನೆ, ಏನಾಗಬಹುದು, ಬೇಡ ಅಂದರೆ ಬೇರೆ ದಾರಿ ಏನು ಅಂತ ಹೇಳಿ ಸಹಿ ತಗೊಂಡರು. ಕ್ಯಾಂಪಿಗೂ ಇದಕ್ಕೂ ಇರುವ ವ್ಯತ್ಯಾಸ ಆ ಮುಕ್ಕಾಲು ಗಂಟೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ಜೊತೆಗೆ ಯಾರಾದರೂ ಒಳಗೆ ಇರಲಿ ಅಂತ ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಸೀರೆ ಬೇಡ, ಸಡಿಲ ಚೂಡಿದಾರ್ ಹಾಕಿಕೊಳ್ಳಿ. ಬಟ್ಟೆ ತೆಗೆಯಿರಿ ಅಂದರೆ ಯಾಕೆ ಅಂತ ಕೇಳಿ.

ಕುತ್ತಿಗೆ ಬಗ್ಗೆ ನಾನು ಕಟ್ಟುನಿಟ್ಟು. ಕುತ್ತಿಗೆಯೊಳಗೆ ಮಿದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಜೋರಾಗಿ ತಿರುವಿದಾಗ ಅದರ ಒಳಪದರ ಹರಿದು ಪಾರ್ಶ್ವವಾಯು ಆದ ಉದಾಹರಣೆಗಳಿವೆ. ಅಪರೂಪ, ಆದರೆ ಆದವರಿಗೆ ಅಪರೂಪ ಅಲ್ಲ. “ಕುತ್ತಿಗೆ ಮುಟ್ಟಬೇಡಿ” ಅಂತ ಮೊದಲೇ ಹೇಳಬಹುದು, ಒಳ್ಳೆಯವರು ಒಪ್ಪುತ್ತಾರೆ. ಚಿಕಿತ್ಸೆ ಆದ ಮೇಲೆ ಒಂದೆರಡು ದಿನ ಮೈ ನೋವು ಸಹಜ. ಆದರೆ ಹಿಂದೆಂದೂ ಇಲ್ಲದ ತಲೆನೋವು, ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಕೈಕಾಲು ಬಲ ಹೋಗುವುದು ಕಂಡರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ನಾನು ಸೂಜಿ ಎರಡಾಗಿ ಕಂಡರೂ ಒಂದು ರಾತ್ರಿ ಸುಮ್ನೆ ಮಲಗಿದ್ದೆ. ಅದು ದಡ್ಡತನ.

ದುಡ್ಡಿನ ಲೆಕ್ಕ. 24 ಸಿಟಿಂಗ್ ಪ್ಯಾಕೇಜ್, ಈವತ್ತೇ ಕಟ್ಟಿದರೆ ಅರ್ಧ ರೇಟು ಅನ್ನುವ ಕಡೆ ಕಟ್ಟಬೇಡಿ. ನಾಲ್ಕರಿಂದ ಆರು ಸಲದಲ್ಲಿ ಏನಾದರೂ ಗುಣ ಕಾಣಬೇಕು, ಕಾಣದಿದ್ದರೆ ಅವರೇ ನಿಲ್ಲಿಸಿ ಬೇರೆ ಕಡೆ ಕಳಿಸಬೇಕು. ಬಂದವರಿಗೆಲ್ಲ ಕಡ್ಡಾಯ ಎಕ್ಸ್‌ರೇ ಅನ್ನುವವರನ್ನೂ ಯಾಕೆ ಅಂತ ಕೇಳಿ. ನೋವಿಲ್ಲದವರೂ ಆರೋಗ್ಯಕ್ಕೆ ತಿಂಗಳಿಗೊಮ್ಮೆ ಬರಬೇಕು ಅನ್ನುವ ಮಾತಿಗೆ ನನಗೆ ನಂಬಿಕೆ ಇಲ್ಲ. ಆ ದುಡ್ಡಿಗೆ ಎಷ್ಟು ಪ್ಯಾಂಟಿಗೆ ಬೆಲ್ಟ್ ಹಾಕಬೇಕು ಅಂತ ಲೆಕ್ಕ ಹಾಕಿದರೇ ಬೆನ್ನು ಮತ್ತೆ ಹಿಡಿಯುತ್ತೆ.

ಬೆಂಗಳೂರಿಗೆ ಹೋಗುವುದಾದರೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಲೋವರ್ ಬರ್ತ್ ಮೊದಲೇ ಬುಕ್ ಮಾಡಿ. ಬೆನ್ನು ನೋವಿನವರಿಗೆ ರಾತ್ರಿ ಬಸ್ಸು ಬೇಡವೇ ಬೇಡ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಎಂಆರ್‌ಐ ರಿಪೋರ್ಟ್ ಅಷ್ಟೇ ಅಲ್ಲ, ಫಿಲ್ಮ್ ಕೂಡ ತಗೊಂಡು ಹೋಗಿ. ಮಾತ್ರೆಗಳ ಹೆಸರು ನೆನಪಿರಲ್ಲ, ಖಾಲಿ ಸ್ಟ್ರಿಪ್‌ಗಳನ್ನೇ ಚೀಲಕ್ಕೆ ಹಾಕಿಕೊಳ್ಳಿ.

ನಾನು ಒಟ್ಟು ಹೋದದ್ದು ಮೂರು ಸಲ. ಮೂರನೇ ಸಲ ಅವರು ನಾಲ್ಕು ವ್ಯಾಯಾಮ ಮಾಡಿಸಿ ನೋಡಿ, ಇನ್ನು ಬರುವುದು ಬೇಡ, ಇದನ್ನೇ ಫಿಸಿಯೋಥೆರಪಿಸ್ಟ್ ಹತ್ತಿರ ಬಳ್ಳಾರಿಯಲ್ಲೇ ಮುಂದುವರಿಸಿ ಅಂದರು. ಫೋಟೋ ಮತ್ತೆ ತೆಗೆದು ನೋಡಿ, ಸ್ಟೂಲ್ ತಗ್ಗಾಗಿದೆ, ಎರಡು ಇಂಚು ಎತ್ತರ ಮಾಡಿಸಿ ಅಂದರು. ಊರಿಗೆ ಬಂದ ಮರುದಿನ ಕಾಲುಗಳಿಗೆ ಹಲಗೆ ತುಂಡು ಹೊಡೆಸಿದೆ. ಬಡಗಿ 150 ರೂಪಾಯಿ ತಗೊಂಡ.